ಕೇಳೋಕೆ ಮುಂಚೆನೇ ಫೈವ್ ನೈನ್

ಹ್ಯಾಮ್ ರೇಡಿಯೋದವರು ಯಾರದ್ದಾದರೂ ಕಂಪ್ಯೂಟರ್ ಲಾಗ್ ತೆರೆದು ನೋಡಿ. ಸಿಗ್ನಲ್ ರಿಪೋರ್ಟ್ ಅನ್ನೋ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ 59, 59, 59. ಜಪಾನಿನವರಿಗೂ 59, ಪಕ್ಕದ ತಾಲ್ಲೂಕಿನವರಿಗೂ 59, ಗೊರಗೊರ ಸದ್ದಿನ ಮಧ್ಯೆ ಅರ್ಧ ಕಾಲ್‌ಸೈನ್ ಮಾತ್ರ ಕೇಳಿಸಿದವರಿಗೂ 59. ಇದರಲ್ಲಿ ಮೊದಲ ಅಂಕ ಮಾತು ಎಷ್ಟು ಅರ್ಥವಾಯ್ತು ಅನ್ನೋದು, 1ರಿಂದ 5ರವರೆಗೆ. ಎರಡನೆಯದು ಸಿಗ್ನಲ್ ಎಷ್ಟು ಜೋರಾಗಿತ್ತು ಅನ್ನೋದು, 1ರಿಂದ 9ರವರೆಗೆ. ಅಂದರೆ 59 ಅಂದ್ರೆ ನೂರಕ್ಕೆ ನೂರು. ಎಲ್ಲರಿಗೂ ನೂರಕ್ಕೆ ನೂರು ಕೊಡೋ ಇಂಟರ್ನಲ್ಸ್ ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನಿಮಗನ್ನಿಸಬಹುದು, ಆದರೆ ಆ ಮಾರ್ಕ್ಸ್ ಕಾರ್ಡ್‌ಗೆ ಬೆಲೆ ಏನು?

ಹ್ಯಾಮ್‌ಗಳ ನಡುವೆ ಇದರ ಬಗ್ಗೆ ಒಂದು ಹಳೇ ಜೋಕ್ ಇದೆ: "ನಿಮ್ಮ ಸಿಗ್ನಲ್ ಫೈವ್ ನೈನ್ ಸಾರ್, ದಯವಿಟ್ಟು ನಿಮ್ಮ ಕಾಲ್‌ಸೈನ್ ಇನ್ನೊಂದು ಸಲ ಹೇಳ್ತೀರಾ?" ನಗು ಬರುತ್ತೆ. ಆದರೆ ಬ್ಯಾಂಡ್ ಮೇಲೆ ಇದು ದಿನಾ ನಡೆಯೋ ಮಾತು.

ಈ ವಿಷಯ ಈಗ ಯಾಕೆ ಅಂದ್ರೆ, ನಮ್ಮ ಕಾಲೇಜಿನ ರೇಡಿಯೋ ಕ್ಲಬ್‌ನಲ್ಲಿ ಈ ಸೆಮಿಸ್ಟರ್‌ನಿಂದ ರಿಜಿಸ್ಟರ್ ಬದಲಿಗೆ ಲಾಗಿಂಗ್ ಪ್ರೋಗ್ರಾಂ ಬಳಸೋ ಮಾತು ನಡೀತಿದೆ. ಉದ್ದ ರೂಲ್ ಹಾಕಿದ ರಟ್ಟಿನ ಪುಸ್ತಕ ಬೀರುವಿಗೆ, ಲ್ಯಾಪ್‌ಟಾಪ್ ಮೇಜಿಗೆ. ನಾವು ಇದರ ಪರವಾಗೇ ಇದ್ದೀವಿ. ಆದರೆ ಹೇಗೆ ಬಳಸ್ತೀವಿ ಅನ್ನೋದರ ಬಗ್ಗೆ ಒಂದು ತಕರಾರು ಇದೆ. ಅದನ್ನ ಕ್ಲಬ್ ಮೀಟಿಂಗ್‌ನಲ್ಲಿ ಹತ್ತು ನಿಮಿಷದಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀವಿ. ರೇಡಿಯೋ ಗೊತ್ತಿಲ್ಲದವರೂ ಓದಬಹುದು, ಯಾಕಂದ್ರೆ ಇದು ಕೊನೆಗೆ ಡೇಟಾ ಎಂಟ್ರಿಯ ಪ್ರಶ್ನೆ. ನಾವೆಲ್ಲ ಲ್ಯಾಬ್ ರೆಕಾರ್ಡ್ ಬರೆಯೋರೇ ಅಲ್ವಾ.

ಮೊದಲು ಲಾಗ್ ಅಂದ್ರೇನು ಅಂತ ಎರಡು ಮಾತು. ಹ್ಯಾಮ್ ಆಪರೇಟರ್ ಪ್ರತಿ ಸಂಪರ್ಕವನ್ನೂ ಬರೆದಿಡ್ತಾರೆ: ದಿನಾಂಕ, ಸಮಯ, ಎದುರಿನವರ ಕಾಲ್‌ಸೈನ್, ಫ್ರೀಕ್ವೆನ್ಸಿ, ಮೋಡ್ (ಅಂದರೆ ಮಾತೋ, ಮೋರ್ಸೋ, ಡಿಜಿಟಲ್ಲೋ), ಕೊಟ್ಟ ರಿಪೋರ್ಟ್, ಬಂದ ರಿಪೋರ್ಟ್, ಸಾಧ್ಯವಾದರೆ ಹೆಸರು, ಊರು. ನಮ್ಮ ದೇಶದ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲೂ ಲಾಗ್ ಇಡಬೇಕು ಅಂತಿದೆ. ಎದುರಿನವರ ಲಾಗ್‌ನಲ್ಲೂ ಇದೇ ಸಂಪರ್ಕ ಇರಬೇಕು. ಎರಡೂ ಹೊಂದಿದರೆ ಮಾತ್ರ "ಮಾತಾಡಿದ್ದು ನಿಜ" ಅಂತ ಲೆಕ್ಕ. ಕ್ಯೂಎಸ್‌ಎಲ್ ಕಾರ್ಡ್ ಅನ್ನೋ ಪೋಸ್ಟ್‌ಕಾರ್ಡ್ ಕಳಿಸೋದು ಇದೇ ಕಾರಣಕ್ಕೆ. ಹಾಗಾಗಿ ಲಾಗ್ ಅನ್ನೋದು ಡೈರಿಗಿಂತ ಹೆಚ್ಚಾಗಿ ಒಂದು ಸಾಕ್ಷಿ.

ಈಗ ಪ್ರೋಗ್ರಾಂ ಬೇಡ ಅನ್ನೋರ ವಾದ. "ಕೈಯಲ್ಲಿ ಬರೆದರೇನೇ ಮಜಾ, ಅದೇ ನಿಜವಾದ ಹ್ಯಾಮ್" ಅಂತ ಕೆಲವು ಸೀನಿಯರ್‌ಗಳು ಹೇಳ್ತಾರೆ. ಮಜಾ ಇರಬಹುದು. ಆದರೆ ಕೈಬರಹದಲ್ಲಿ ಸತ್ಯ ಜಾಸ್ತಿ ಇರುತ್ತೆ ಅನ್ನೋದನ್ನ ನಾವು ಒಪ್ಪಲ್ಲ. ಸಮಯದ ಕಾಲಂ ಒಂದನ್ನೇ ನೋಡಿ. ಹ್ಯಾಮ್‌ಗಳು ಲಾಗ್ ಬರೆಯೋದು ಯುಟಿಸಿಯಲ್ಲಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಭಾನುವಾರ ಬೆಳಗಿನ ಜಾವ 4 ಗಂಟೆಗೆ ಹಾಸ್ಟೆಲ್‌ನವರೆಲ್ಲ ಮಲಗಿರುವಾಗ ನೀವು ದಕ್ಷಿಣ ಅಮೆರಿಕದವರ ಜೊತೆ ಮಾತಾಡಿದ್ರೆ, ಲಾಗ್ ಪ್ರಕಾರ ಅದು ಶನಿವಾರ 22:30. ಜನವರಿ 1ರ ಬೆಳಗಿನ ಜಾವ 3 ಗಂಟೆಗೆ ಮಾಡಿದ ಸಂಪರ್ಕ ಹಿಂದಿನ ವರ್ಷದ್ದು! ನಿದ್ದೆಗಣ್ಣಲ್ಲಿ ಐದೂವರೆ ಕಳೆದು, ದಿನಾಂಕ ಒಂದು ಹಿಂದೆ ಹಾಕಿ, ತಿಂಗಳು ಬದಲಾಗಿದ್ರೆ ಅದನ್ನೂ ಸರಿ ಮಾಡಿ ಬರೆಯೋದನ್ನ ಮನುಷ್ಯನ ಕೈಗೆ ಬಿಡೋದು ಯಾವ ಸಾಧನೆ? ಲ್ಯಾಪ್‌ಟಾಪ್ ಗಡಿಯಾರ ಇಂಟರ್ನೆಟ್ ಜೊತೆ ಸರಿ ಹೊಂದಿದ್ದರೆ ಪ್ರೋಗ್ರಾಂ ಅದನ್ನ ಕಣ್ಣು ಮುಚ್ಚಿ ಮಾಡುತ್ತೆ.

ಫ್ರೀಕ್ವೆನ್ಸಿನೂ ಅಷ್ಟೇ. ರೇಡಿಯೋಗೂ ಲ್ಯಾಪ್‌ಟಾಪ್‌ಗೂ ಒಂದು ಕೇಬಲ್ ಹಾಕಿದ್ರೆ ಡಯಲ್ ಎಲ್ಲಿದೆಯೋ ಅದೇ ಸಂಖ್ಯೆ ಲಾಗ್‌ಗೆ ಹೋಗುತ್ತೆ. ಬ್ಯಾಂಡ್ ಬದಲಾಯಿಸಿ ಲಾಗ್‌ನಲ್ಲಿ ಬದಲಾಯಿಸೋದು ಮರೆತು ಅರ್ಧ ಪುಟ ತಪ್ಪು ಬರೆಯೋ ಪ್ರಶ್ನೆಯೇ ಇಲ್ಲ. ಉಪಗ್ರಹದ ಮೂಲಕ ಮಾತಾಡೋದಾದರೆ ಇದು ಇನ್ನೂ ಮುಖ್ಯ. ನಮ್ಮದೇ ಹ್ಯಾಮ್‌ಸ್ಯಾಟ್ ನೆನಪಿಸಿಕೊಳ್ಳಿ. 2005ರ ಮೇ 5ರಂದು ಇಸ್ರೋ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ ಪುಟ್ಟ ಉಪಗ್ರಹ, 2014ರವರೆಗೆ ಕೆಲಸ ಮಾಡಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಬಗ್ಗೆ ಇಲ್ಲಿ ಏನೂ ಹೇಳಲ್ಲ ಬಿಡಿ. ವಿಷಯ ಏನಂದ್ರೆ, ಆ ಉಪಗ್ರಹಕ್ಕೆ ಕಳಿಸೋದು 435 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕೇಳೋದು 145ರ ಆಸುಪಾಸಿನಲ್ಲಿ, ಮೇಲೆ ಡಾಪ್ಲರ್‌ನಿಂದ ಎರಡೂ ಸರಿದಾಡ್ತಾ ಇರುತ್ತೆ. ರಿಜಿಸ್ಟರ್‌ನಲ್ಲಿ ಫ್ರೀಕ್ವೆನ್ಸಿಗೆ ಇರೋದು ಒಂದೇ ಕಾಲಂ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದು ಕೈಯಲ್ಲಿ ಡಯಲ್ ಇರುವಾಗ ಪೆನ್ನು ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು?

ಕಾಂಟೆಸ್ಟ್ ಬಗ್ಗೆ ಹೇಳೋದೇ ಬೇಡ. ಒಬ್ಬರ ಜೊತೆ ಒಂದು ಬ್ಯಾಂಡ್‌ನಲ್ಲಿ ಒಂದೇ ಸಂಪರ್ಕಕ್ಕೆ ಅಂಕ ಅನ್ನೋ ನಿಯಮ ಇರುವಾಗ, ಈ ಕಾಲ್‌ಸೈನ್ ಆಗಲೇ ಬಂದಿದೆಯಾ ಅಂತ ಹುಡುಕೋಕೆ ಹಿಂದಿನವರು ಬೇರೆ ಹಾಳೆಯನ್ನೇ ಇಟ್ಟುಕೊಳ್ತಿದ್ದರು. ಈಗ ಎರಡಕ್ಷರ ಟೈಪ್ ಮಾಡಿದ್ರೆ ಗೊತ್ತಾಗುತ್ತೆ.

ಹಾಗಾದರೆ ತಕರಾರು ಏನು? ನಮ್ಮ ಪ್ರಕಾರ ಲಾಗ್‌ನ ಕಾಲಂಗಳು ಎರಡು ಜಾತಿ. ಸಮಯ, ಫ್ರೀಕ್ವೆನ್ಸಿ, ಮೋಡ್, ಇವು ಯಂತ್ರಕ್ಕೇ ನಮಗಿಂತ ಚೆನ್ನಾಗಿ ಗೊತ್ತಿರೋವು. ಕಾಲ್‌ಸೈನ್, ರಿಪೋರ್ಟ್, ಹೆಸರು, ಊರು, ಇವು ಕಿವಿಗೆ ಬಿದ್ದರೆ ಮಾತ್ರ ಗೊತ್ತಾಗೋವು. ಮೊದಲನೇ ಜಾತಿಯದ್ದನ್ನ ಪ್ರೋಗ್ರಾಂ ತುಂಬಲಿ. ಎರಡನೇ ಜಾತಿಯದ್ದನ್ನ ನಾವು ಕೇಳಿ ತುಂಬಬೇಕು. ಆದರೆ ಈಗಿನ ಪ್ರೋಗ್ರಾಂಗಳು ಅದನ್ನೂ ತಾವೇ ತುಂಬಿ ಕೊಡ್ತವೆ, ನಾವು ಎಂಟರ್ ಒತ್ತುತ್ತೀವಿ. ತಪ್ಪು ಅಲ್ಲಿದೆ.

59ರ ಕಥೆ ಅದೇ. ಎನ್1ಎಂಎಂ ಥರದ ಕಾಂಟೆಸ್ಟ್ ಪ್ರೋಗ್ರಾಂನಲ್ಲಿ ಕಾಲ್‌ಸೈನ್ ಹಾಕಿದ ತಕ್ಷಣ ರಿಪೋರ್ಟ್ ಕಾಲಂನಲ್ಲಿ 59 ಬಂದು ಕೂತಿರುತ್ತೆ. ಬೇರೆ ಏನಾದ್ರೂ ಹಾಕಬೇಕು ಅಂದ್ರೆ ಹಿಂದೆ ಹೋಗಿ ಅಳಿಸಿ ಬರೀಬೇಕು. ಆ ಎರಡು ಸೆಕೆಂಡ್ ಯಾರೂ ಖರ್ಚು ಮಾಡಲ್ಲ. ಕಾಂಟೆಸ್ಟ್‌ನಲ್ಲಿ ಇದನ್ನ ಒಂದು ಶಿಷ್ಟಾಚಾರ ಅಂತ ಬಿಟ್ಟುಬಿಡೋಣ, ಅಲ್ಲಿ ನಿಜವಾದ ವಿನಿಮಯ ಅದರ ನಂತರ ಬರೋ ಸಂಖ್ಯೆ. ಆದರೆ ಅದೇ ಅಭ್ಯಾಸ ಸಂಜೆ ಸುಮ್ಮನೆ ಮಾತಾಡೋ ಸಂಪರ್ಕಕ್ಕೂ ಬಂದಿದೆ. ಹೊಸದಾಗಿ ಡೈಪೋಲ್ ಕಟ್ಟಿ, ಬಾಲನ್ ಸುತ್ತಿ, ಟೆರೇಸ್ ಮೇಲೆ ಬಿಸಿಲಲ್ಲಿ ಬೆಂದು ಬಂದ ಜೂನಿಯರ್ ಒಬ್ಬ "ನನ್ನ ಸಿಗ್ನಲ್ ಹೇಗಿದೆ?" ಅಂತ ಕೇಳೋದು ಸೌಜನ್ಯಕ್ಕಲ್ಲ. ಅವನಿಗೆ ಬೇಕಾಗಿರೋದು ಅಳತೆ. 43 ಅಂದ್ರೆ ಅವನು ಮತ್ತೆ ಟೆರೇಸ್‌ಗೆ ಹೋಗಿ ಬೆಸುಗೆ ನೋಡ್ತಾನೆ. 59 ಅಂದ್ರೆ ಕೆಳಗೆ ಬಂದು ಟೀ ಕುಡೀತಾನೆ.

ಇಲ್ಲಿ ಒಂದು ತಮಾಷೆ ಇದೆ. ಎಫ್‌ಟಿ8 ಅನ್ನೋ ಡಿಜಿಟಲ್ ಮೋಡ್ 2017ರಲ್ಲಿ ಬಂತು. ಮಾಡಿದವರಲ್ಲಿ ಒಬ್ಬರು ಜೋ ಟೇಲರ್, ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅದರಲ್ಲಿ ಹದಿನೈದು ಸೆಕೆಂಡಿಗೊಮ್ಮೆ ಸರದಿ, ಪ್ರೋಗ್ರಾಂ ತಾನೇ ಕೇಳಿ, ತಾನೇ ಉತ್ತರಿಸಿ, ಕೊನೆಗೆ "ಲಾಗ್ ಮಾಡಲಾ?" ಅಂತ ನಮ್ಮನ್ನ ಕೇಳುತ್ತೆ. "ಇದೇನು ಹ್ಯಾಮ್ ರೇಡಿಯೋನಾ, ಕಂಪ್ಯೂಟರ್ ಕಂಪ್ಯೂಟರ್ ಮಾತಾಡೋದು" ಅಂತ ಬಯ್ಯೋರು ತುಂಬಾ ಜನ. ಆದರೆ ಅದರ ರಿಪೋರ್ಟ್ ನೋಡಿ: ಮೈನಸ್ 17, ಮೈನಸ್ 4, ಪ್ಲಸ್ 6. ಡೆಸಿಬೆಲ್‌ನಲ್ಲಿ ಅಳೆದ ಸಂಖ್ಯೆಗಳು. ಕೇಳಿದವರು ಯಾರೋ ಅವರೇ ಅಳೆದು ಬರೆದಿದ್ದಾರೆ, ಇಲ್ಲಿ ಕೇಳಿದ್ದು ಪ್ರೋಗ್ರಾಂ ಅಷ್ಟೇ. ಹಾಗಾಗಿ ನಮ್ಮ ಕ್ಲಬ್ ಲಾಗ್‌ನಲ್ಲಿ ಯಂತ್ರ ಬರೆದ ಮೈನಸ್ 17 ಪ್ರಾಮಾಣಿಕ, ಮನುಷ್ಯ ಬರೆದ 59 ಅಲ್ಲ! ಯಂತ್ರ ಬಂದಿದ್ದರಿಂದ ಹ್ಯಾಮ್ ಕೆಟ್ಟಿತು ಅನ್ನೋರು ಇದಕ್ಕೆ ಏನು ಹೇಳ್ತಾರೋ ಕೇಳೋ ಕುತೂಹಲ ನಮಗಿದೆ.

ಕಾಲ್‌ಸೈನ್ ವಿಷಯಕ್ಕೆ ಬರೋಣ. ಕಾಂಟೆಸ್ಟ್ ಪ್ರೋಗ್ರಾಂಗಳಲ್ಲಿ ಸಕ್ರಿಯ ಸ್ಟೇಷನ್‌ಗಳ ಒಂದು ದೊಡ್ಡ ಪಟ್ಟಿ ಇರುತ್ತೆ. ನೀವು ಮೂರಕ್ಷರ ಟೈಪ್ ಮಾಡಿದ್ರೆ, "ಇವರಿರಬಹುದಾ?" ಅಂತ ಹತ್ತು ಹೆಸರು ತೋರಿಸುತ್ತೆ. ಸಹಾಯವೇ. ಆದರೆ ಮೋರ್ಸ್‌ನಲ್ಲಿ ವಿ ಅಂದ್ರೆ ಮೂರು ಡಿಟ್ ಒಂದು ಡಾ, 4 ಅಂದ್ರೆ ನಾಲ್ಕು ಡಿಟ್ ಒಂದು ಡಾ. ಒಂದು ಡಿಟ್ ಸದ್ದಿನಲ್ಲಿ ಮುಳುಗಿದ್ರೆ 4 ಹೋಗಿ ವಿ ಆಗುತ್ತೆ. ಅರ್ಧ ಕೇಳಿಸಿದಾಗ ಪಟ್ಟಿ ಕಣ್ಣ ಮುಂದೆ ಇದ್ದರೆ ಕಿವಿ ಆ ಪಟ್ಟಿಯಲ್ಲಿರೋದನ್ನೇ ಕೇಳೋಕೆ ಶುರು ಮಾಡುತ್ತೆ. ಎಂಸಿಕ್ಯೂನಲ್ಲಿ ಆಪ್ಷನ್ ನೋಡಿ ಉತ್ತರ "ಜ್ಞಾಪಕ" ಬರೋ ಥರ. ದೊಡ್ಡ ಕಾಂಟೆಸ್ಟ್‌ಗಳಲ್ಲಿ ಎಲ್ಲರ ಲಾಗ್‌ಗಳನ್ನೂ ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡ್ತಾರೆ. ತಪ್ಪು ಕಾಲ್‌ಸೈನ್ ಬರೆದಿದ್ರೆ ಆ ಸಂಪರ್ಕದ ಅಂಕ ಹೋಗೋದಲ್ಲದೆ ಮೇಲೆ ದಂಡವನ್ನೂ ಹಾಕೋ ಕಾಂಟೆಸ್ಟ್‌ಗಳಿವೆ. ಸಂಶಯ ಇದ್ದರೆ "ಅಗೇನ್?" ಅಂತ ಕೇಳೋದಕ್ಕೆ ನಾಚಿಕೆ ಯಾಕೆ?

ಹೆಸರು, ಊರಿನ ಕಥೆ ಇನ್ನೂ ಮಜವಾಗಿದೆ. ಕಾಲ್‌ಸೈನ್ ಹಾಕಿದ ಕೂಡಲೇ ಪ್ರೋಗ್ರಾಂ ಇಂಟರ್ನೆಟ್‌ನ ಕಾಲ್‌ಬುಕ್‌ಗೆ ಹೋಗಿ ಹೆಸರು, ಊರು, ಗ್ರಿಡ್ ಎಲ್ಲ ತಂದು ಸುರಿಯುತ್ತೆ. ಗ್ರಿಡ್ ಅಂದ್ರೆ ಭೂಪಟವನ್ನ ಚೌಕಗಳಾಗಿ ಮಾಡಿ ಕೊಟ್ಟ ಸಂಕೇತ. ಮೆಜೆಸ್ಟಿಕ್ ಇರೋದು ಎಂಕೆ82ರಲ್ಲಿ, ಯಲಹಂಕ ಎಂಕೆ83ರಲ್ಲಿ, ಹದಿಮೂರು ಡಿಗ್ರಿ ಅಕ್ಷಾಂಶದ ಗೆರೆ ಬೆಂಗಳೂರಿನ ಮಧ್ಯೆಯೇ ಹಾದು ಹೋಗುತ್ತೆ. ಈಗ ಬೆಂಗಳೂರಿನ ಹ್ಯಾಮ್ ಒಬ್ಬರು ವೀಕೆಂಡ್‌ಗೆ ರೇಡಿಯೋ ಬ್ಯಾಗ್‌ಗೆ ಹಾಕ್ಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದಾರೆ ಅಂದುಕೊಳ್ಳಿ. ಅದು ಎಂಕೆ73. 1,930 ಮೀಟರ್ ಎತ್ತರದಿಂದ, ಗಾಳಿಯಲ್ಲಿ ಮೈಕ್ ಹಿಡಿದು, ಐದು ವಾಟ್‌ನಲ್ಲಿ ಕರೀತಿದ್ದಾರೆ. ನಿಮ್ಮ ಲಾಗ್ ಮಾತ್ರ ಅವರನ್ನ ಬೆಂಗಳೂರಿನ ಮನೆಯಲ್ಲೇ ಕೂರಿಸಿರುತ್ತೆ. ಕ್ಲಬ್ ಸ್ಟೇಷನ್ ಆದರೆ ಹೆಸರೂ ತಪ್ಪು: ಮೈಕ್ ಮುಂದೆ ಇರೋದು ಸೆಕೆಂಡ್ ಇಯರ್ ಹುಡುಗಿ, ಲಾಗ್‌ನಲ್ಲಿ ಇರೋದು ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಆ ಪ್ರೊಫೆಸರ್. "ಗುಡ್ ಈವನಿಂಗ್ ಸಾರ್" ಅಂತ ಶುರು ಮಾಡಿದವರ ಪಾಡು ನೀವೇ ಊಹಿಸಿ.

"ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ರಗಳೆ, ಹವ್ಯಾಸ ತಾನೇ" ಅನ್ನಬಹುದು. 2004ರ ಡಿಸೆಂಬರ್‌ನಲ್ಲಿ ಹೈದರಾಬಾದ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ತಂಡ ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ ಪೋರ್ಟ್‌ಬ್ಲೇರ್‌ನಲ್ಲಿತ್ತು. ಹೋಗಿದ್ದು ಹವ್ಯಾಸಕ್ಕೇ. ಅಂಡಮಾನ್‌ನಿಂದ ಹ್ಯಾಮ್ ಸಿಗ್ನಲ್ ಬರೋದು ಅಪರೂಪ, ಪ್ರಪಂಚದ ಹ್ಯಾಮ್‌ಗಳೆಲ್ಲ ಲಾಗ್‌ನಲ್ಲಿ ಆ ಒಂದು ಸಾಲಿಗಾಗಿ ಕಾಯ್ತಿದ್ದರು. 26ರಂದು ಸುನಾಮಿ ಬಂತು. ಅದೇ ತಂಡ, ಅದೇ ರೇಡಿಯೋಗಳು ದ್ವೀಪದ ಸುದ್ದಿಯನ್ನ ಹೊರಗೆ, ಹೊರಗಿನದನ್ನ ಒಳಗೆ ದಾಟಿಸೋಕೆ ಕೂತವು. ಅಂಥ ಹೊತ್ತಲ್ಲಿ ಯಾರು, ಎಲ್ಲಿಂದ, ಎಷ್ಟು ಗಂಟೆಗೆ, ಏನು ಹೇಳಿದರು ಅನ್ನೋದಷ್ಟೇ ಲೆಕ್ಕ. ಅಲ್ಲಿ ಕಾಲ್‌ಬುಕ್ ತುಂಬಿದ ಊರು ಬೇರೆ, ಅವರು ನಿಂತಿರೋ ಊರು ಬೇರೆ ಆದ್ರೆ? ಅರ್ಧ ಕೇಳಿಸಿದ್ದಕ್ಕೆ 59 ಕೊಟ್ಟು ಮುಂದೆ ಹೋದ್ರೆ? ಆ ದಿನಕ್ಕೆ ಬೇಕಾದ ಅಭ್ಯಾಸ ಆ ದಿನ ಹುಟ್ಟಲ್ಲ, ಸುಮ್ಮನೆ ಹರಟೆ ಹೊಡೆಯೋ ಸಂಜೆಗಳಲ್ಲೇ ಆಗಿರಬೇಕು.

ಇನ್ನು ಲಾಗ್ ಎಲ್ಲಿರಬೇಕು ಅನ್ನೋದು. ಇದು ಕಾಲೇಜು ಕ್ಲಬ್‌ಗಳಿಗೇ ಅಂಟಿದ ಕಾಯಿಲೆ. ಇಲ್ಲಿ ಯಾರೂ ನಾಲ್ಕು ವರ್ಷಕ್ಕಿಂತ ಜಾಸ್ತಿ ಇರಲ್ಲ (ಬ್ಯಾಕ್‌ಲಾಗ್ ಇರೋರನ್ನ ಬಿಟ್ಟು, ಅದೂ ಒಂಥರಾ ಲಾಗೇ). ಉತ್ಸಾಹ ಇರೋ ಸೀನಿಯರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಲಾಗ್ ಇಡ್ತಾರೆ, ಪ್ಲೇಸ್‌ಮೆಂಟ್ ಆಗುತ್ತೆ, ಲ್ಯಾಪ್‌ಟಾಪ್ ಜೊತೆ ಲಾಗೂ ಪುಣೆಗೋ ಗುರುಗ್ರಾಮಕ್ಕೋ ಹೋಗುತ್ತೆ. ರಟ್ಟಿನ ರಿಜಿಸ್ಟರ್‌ಗೆ ಈ ಒಂದು ದೊಡ್ಡ ಗುಣ ಇತ್ತು: ಅದನ್ನ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

"ಆನ್‌ಲೈನ್‌ನಲ್ಲಿ ಇದೆಯಲ್ಲ" ಅನ್ನೋರಿಗೆ ಒಂದು ಮಾತು. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆಯ ಲಾಗ್‌ಬುಕ್ ಆಫ್ ದಿ ವರ್ಲ್ಡ್ 2003ರಿಂದ ಇದೆ. ಒಳ್ಳೆಯ ವ್ಯವಸ್ಥೆ. ನಮ್ಮ ಲಾಗ್‌ಗೆ ಡಿಜಿಟಲ್ ಸಹಿ ಹಾಕಿ ಕಳಿಸ್ತೀವಿ, ಎದುರಿನವರೂ ಕಳಿಸ್ತಾರೆ, ಕಾಲ್‌ಸೈನ್, ಬ್ಯಾಂಡ್, ಮೋಡ್ ಹೊಂದಿ ಸಮಯ ಅರ್ಧ ಗಂಟೆಯೊಳಗೆ ಇದ್ದರೆ ಸಂಪರ್ಕ ಖಚಿತ. (ಗಮನಿಸಿ, ರಿಪೋರ್ಟ್ ಹೊಂದುತ್ತಾ ಅಂತ ನೋಡಲ್ಲ. 59 ಹಾಕಿದ್ರೂ 33 ಹಾಕಿದ್ರೂ ಅಲ್ಲಿ ಒಂದೇ. ಯಾರೂ ಪರೀಕ್ಷಿಸದ ಕಾಲಂ ಯಾವ ಗತಿಗೆ ಬರುತ್ತೆ ಅನ್ನೋದು ನಮ್ಮ ಲ್ಯಾಬ್ ರೆಕಾರ್ಡ್‌ಗಳಿಗೆ ಗೊತ್ತು.) ಆದರೆ 2024ರ ಮೇ ತಿಂಗಳಲ್ಲಿ ಆ ಸಂಸ್ಥೆಯ ನೆಟ್‌ವರ್ಕ್ ಮೇಲೆ ಸೈಬರ್ ದಾಳಿ ಆಗಿ ಈ ಸೇವೆ ವಾರಗಟ್ಟಲೆ ಸಿಗಲಿಲ್ಲ, ಜುಲೈ ಹೊತ್ತಿಗೆ ವಾಪಸ್ ಬಂತು. ತಮ್ಮ ಬಳಿ ಫೈಲ್ ಇದ್ದವರು ಆರಾಮಾಗಿದ್ದರು. ಸಂಪರ್ಕ ಖಚಿತ ಮಾಡಿಕೊಳ್ಳೋಕೆ ಅದನ್ನ ಬಳಸೋಣ, ಆದರೆ ಅದೇ ನಮ್ಮ ಬೀರು ಅಂದುಕೊಳ್ಳೋದು ಬೇಡ.

ಯಾವ ಪ್ರೋಗ್ರಾಂ ಅನ್ನೋ ಜಗಳದಲ್ಲಿ ನಮಗೆ ಆಸಕ್ತಿ ಇಲ್ಲ. ಲಿನಕ್ಸ್‌ನವರು ಸಿಕ್ಯೂಆರ್‌ಲಾಗ್ ಹಾಕ್ಕೊಳ್ಳಿ, ವಿಂಡೋಸ್‌ನವರು ಲಾಗ್4ಓಎಂ ಹಾಕ್ಕೊಳ್ಳಿ. ಎಲ್ಲವೂ ಎಡಿಐಎಫ್ ಅನ್ನೋ ಒಂದೇ ಥರದ ಫೈಲ್ ಹೊರಗೆ ಕೊಡ್ತವೆ. ಅದು ಬರೀ ಟೆಕ್ಸ್ಟ್, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತೆ. ಒಂದು ಸಂಪರ್ಕಕ್ಕೆ 300 ಬೈಟ್ ಅಂತ ಹಿಡಿದರೂ ಹತ್ತು ಸಾವಿರ ಸಂಪರ್ಕ 3 ಎಂಬಿ, ಅಂದರೆ ಫ್ರೆಶರ್ಸ್ ಡೇ ವಿಡಿಯೋ ಒಂದರ ಮೂಲೆಗೂ ಸಾಲಲ್ಲ. ಸ್ಟೇಷನ್‌ನ ಕಾಲ್‌ಸೈನ್‌ಗೆ ಒಂದು ಫೀಲ್ಡ್, ಆ ಹೊತ್ತಲ್ಲಿ ಕೂತ ಆಪರೇಟರ್‌ಗೆ ಬೇರೆ ಫೀಲ್ಡ್ ಕೂಡ ಇದೆ. ಅದನ್ನ ತುಂಬಿದ್ರೆ ಹತ್ತು ವರ್ಷದ ನಂತರವೂ ಯಾರು ಯಾವ ದಿನ ಯಾರ ಜೊತೆ ಮಾತಾಡಿದ್ರು ಅಂತ ತೆಗೆದು ನೋಡಬಹುದು. ಪ್ರತಿ ತಿಂಗಳ ಮೊದಲ ಶನಿವಾರ ಈ ಫೈಲ್ ಕ್ಲಬ್‌ನ ಡ್ರೈವ್‌ಗೆ, ಒಂದು ಪೆನ್‌ಡ್ರೈವ್‌ಗೆ ಹೋಗಬೇಕು. ಪೆನ್‌ಡ್ರೈವ್ ರಿಜಿಸ್ಟರ್ ಇರೋ ಬೀರುವಿನಲ್ಲೇ ಇರಲಿ, ಬೀಗದ ಕೈ ಸಾರ್ ಹತ್ರ.

ರಿಜಿಸ್ಟರ್ ಕೂಡ ಪೂರ್ತಿ ನಿವೃತ್ತಿ ಆಗೋದು ಬೇಡ. ಹೊಸದಾಗಿ ಮೈಕ್ ಹಿಡಿಯೋರು ಮೊದಲ ಐವತ್ತು ಸಂಪರ್ಕ ಅದರಲ್ಲೇ ಬರೀಲಿ, ಖಾಲಿ ಕಾಲಂ ನೋಡ್ತಾ ಕೇಳೋದು ಕಲೀಲಿ. ಆಮೇಲೆ ಲ್ಯಾಪ್‌ಟಾಪ್. ಅದರಲ್ಲೂ ಕಾಂಟೆಸ್ಟ್ ಇಲ್ಲದ ದಿನ 59 ತಾನಾಗಿ ಬರೋದನ್ನ ಸಾಧ್ಯ ಇರೋ ಕಡೆ ಆಫ್ ಮಾಡಿಡೋಣ. ಕಾಲ್‌ಬುಕ್‌ನಿಂದ ಹೆಸರು ಬಂದ್ರೂ ಒಮ್ಮೆ ಕೇಳಿ ಖಚಿತ ಮಾಡ್ಕೊಳ್ಳೋಣ. ಸಮಯ ಜಾಸ್ತಿ ಹಿಡಿಯುತ್ತೆ ಅನ್ನೋರಿಗೆ: ಮಾತಾಡೋಕೇ ಅಲ್ವಾ ರೇಡಿಯೋ ಹಾಕಿರೋದು?

ಕೊನೆಗೆ ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಒಂದು ಕನ್ನಡದ ತಲೆನೋವು. ರಿಜಿಸ್ಟರ್‌ನ ಷರಾ ಕಾಲಂನಲ್ಲಿ "ಹಿಂದೆ ಮಳೆ ಸದ್ದು, ಕರೆಂಟ್ ಹೋಗಿದೆ ಅಂದ್ರು, ಬ್ಯಾಟರಿಯಲ್ಲಿ ಮಾತು" ಅಂತ ಕನ್ನಡದಲ್ಲೇ ಬರೀಬಹುದಿತ್ತು. ಎಡಿಐಎಫ್‌ನ ಸಾಮಾನ್ಯ ಫೈಲ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಅದು ಆಸ್ಕಿ ಮಾತ್ರ. ಪ್ರತಿ ಫೀಲ್ಡ್‌ನ ಹೆಸರಿನ ಜೊತೆ ಒಳಗೆ ಎಷ್ಟು ಅಕ್ಷರ ಇದೆ ಅನ್ನೋ ಸಂಖ್ಯೆ ಬರೀಬೇಕು. ಈಗ "ಕನ್ನಡ" ಅನ್ನೋ ಪದಕ್ಕೆ ಎಷ್ಟು ಅಂತ ಬರೀತೀರಿ? ಕಣ್ಣಿಗೆ 3 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ 5, ಯಾಕಂದ್ರೆ ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ನಿಯಮ ಮೀರಿ ಕನ್ನಡ ಬರೆಯಲು ಬಿಡೋ ಒಂದು ಪ್ರೋಗ್ರಾಂ 5 ಅಂತ ಹಾಕಿ, ಇನ್ನೊಂದು ಅದನ್ನ 5 ಬೈಟ್ ಅಂತ ಓದಿದ್ರೆ, ಕ ಪೂರ್ತಿ ಬರುತ್ತೆ, ನ ಮೂರರಲ್ಲಿ ಎರಡು ಭಾಗ ಬಂದು ಕತ್ತರಿಸಿ ಹೋಗುತ್ತೆ. ಅದೇ ಎಡಿಐಎಫ್‌ನ ಎಕ್ಸ್‌ಎಂಎಲ್ ರೂಪದಲ್ಲಿ ಹೆಸರು, ಊರು, ಷರಾಗಳಿಗೆ ಯುನಿಕೋಡ್ ಫೀಲ್ಡ್‌ಗಳಿವೆ. ಹಾಗಾಗಿ ಷರಾ ಕಾಲಂ ಕನ್ನಡದಲ್ಲಿ ಬೇಕು ಅಂದ್ರೆ ಕ್ಲಬ್ ಆ ರೂಪದಲ್ಲೂ ಒಂದು ಪ್ರತಿ ಇಡಬೇಕು. ರಿಜಿಸ್ಟರ್‌ನ ಹಳೇ ಪುಟಗಳನ್ನ ಷರಾ ಸಮೇತ ಅದಕ್ಕೆ ಟೈಪ್ ಮಾಡೋ ಕೆಲಸ ಬಾಕಿ ಇದೆ, ಮತ್ತೆ ಎರಡು ರೂಪಗಳ ನಡುವೆ ಬದಲಾಯಿಸೋ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬೇಕಾಗಿದೆ. ಸಿಎಸ್‌ನವರು ಯಾರಾದ್ರೂ ಕೈಜೋಡಿಸೋದಾದ್ರೆ ಬುಧವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ. ಕಾಲ್‌ಸೈನ್ ಇರಲೇಬೇಕು ಅಂತೇನಿಲ್ಲ.